ಸಾವಿನ ಮನೆಯ ಹಾಡು ವೇದಿಕೆ ಹತ್ತಿದಾಗ

2018ರ ಜನವರಿ 6ರ ಸಂಜೆ ಚೆನ್ನೈನ ಕೀಳ್ಪಾಕ್‌ನಲ್ಲಿ ಸೂಟು ತೊಟ್ಟ ಹತ್ತೊಂಬತ್ತು ಮಂದಿಯ ತಂಡವೊಂದು ಮೊದಲ ಬಾರಿಗೆ ವೇದಿಕೆ ಹತ್ತಿತು. ಗಿಟಾರು, ಡ್ರಮ್ ಸೆಟ್ಟುಗಳ ಪಕ್ಕದಲ್ಲಿ ಪರೈ, ಚಟ್ಟಿ ಎಂಬ ಚರ್ಮವಾದ್ಯಗಳಿದ್ದವು. ಆಗ ಮಾರ್ಗಳಿ ತಿಂಗಳು. ಅದೇ ಊರಿನ ಮೈಲಾಪುರದ ಕಡೆ ಸಭಾಗಳಲ್ಲಿ ಕಛೇರಿಗಳು ನಡೆಯುವ ಕಾಲ. 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಜೊತೆಗಿನ ಸಂಗೀತ ಸಮ್ಮೇಳನದಿಂದ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಲ್ಲಿಂದ ಬೆಳೆದ ಈ ಸಂಗೀತ ಋತುವಿನಲ್ಲಿ ಉತ್ತರ ಚೆನ್ನೈನ ಗಾನಾ ಹಾಡಿಗೆ ಜಾಗ ಸಿಕ್ಕಿರಲಿಲ್ಲ. ಹಾಗಾಗಿ ಕೀಳ್ಪಾಕ್‌ನ ಆ ಸಂಜೆ ಹಾಡಿನಷ್ಟೇ ಮುಖ್ಯವಾದದ್ದು ಹಾಡಿದ ಕಾಲ.

ತಂಡದ ಹೆಸರು ದಿ ಕಾಸ್ಟ್‌ಲೆಸ್ ಕಲೆಕ್ಟಿವ್. ಕಟ್ಟಿದವರು ಚಿತ್ರ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ಮತ್ತು ಸಂಗೀತಗಾರ ತೆನ್ಮಾ. ಜಾತಿಭೇದವಿಲ್ಲದ ತಮಿಳರು ಎಂದು ತಮ್ಮವರನ್ನು ಕರೆದ ಅಯೋತಿದಾಸ ಪಂಡಿತರ (1845–1914) ಮಾತಿನಿಂದ ಈ ಹೆಸರು ಬಂದಿದೆ. ಪಂಡಿತರು ಕನ್ನಡ ನಾಡಿಗೂ ದೂರದವರಲ್ಲ. 1898ರಲ್ಲಿ ಮದ್ರಾಸಿನಲ್ಲಿ ಅವರು ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆ ನಮ್ಮ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲೂ ಇತ್ತು. ಗಣಿಯ ಕತ್ತಲಿಗಿಳಿಯುತ್ತಿದ್ದ ತಮಿಳು ಕಾರ್ಮಿಕರು ಅವರ ವಾರಪತ್ರಿಕೆಯನ್ನು ಓದುತ್ತಿದ್ದರು.

ಗಾನಾ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ತಮಿಳು ಸಿನಿಮಾದ ಕುಣಿತದ ಹಾಡು. 1990ರ ದಶಕದಲ್ಲಿ ಸಂಗೀತ ನಿರ್ದೇಶಕ ದೇವಾ ಅದನ್ನು ಮನೆಮನೆಗೆ ತಲುಪಿಸಿದರು. 1996ರ ‘ಕಾದಲ್ ಕೋಟ್ಟೈ’ ಚಿತ್ರದಲ್ಲಿ ತಾವೇ ಹಾಡಿದರು. 2006ರಲ್ಲಿ ಗಾನಾ ಉಲಗನಾಥನ್ ಮೀನುಗಳ ಮದುವೆಯ ಹಾಡಿನಿಂದ ಮನೆಮಾತಾದರು. ಆದರೆ ಗಾನಾದ ಹುಟ್ಟುಮನೆ ಸಿನಿಮಾ ಅಲ್ಲ, ಸಾವಿನ ಮನೆ. ರಾಯಪುರಂ, ಕಾಸಿಮೇಡು, ವ್ಯಾಸರ್‌ಪಾಡಿ, ಪುಳಿಯಂತೋಪುಗಳ ಓಣಿಗಳಲ್ಲಿ ಬಂದರಿನ ಕೂಲಿಗಳು, ಮೀನುಗಾರರು, ರಿಕ್ಷಾದವರು, ಬಿನ್ನಿ ಮಿಲ್ಲಿನ ಕಾರ್ಮಿಕರು ಇದ್ದರು. ಅವರಲ್ಲೊಬ್ಬ ಸತ್ತರೆ ರಾತ್ರಿಯಿಡೀ ಹೆಣದ ಹತ್ತಿರ ಕೂತು ಹಾಡುವುದು ಮರಣ ಗಾನಾ. ಸತ್ತವನ ಹೆಸರು, ಅವನ ಕಸುಬು, ಅವನ ಕುಡಿತ, ಅವನು ಬಿಟ್ಟುಹೋದ ಸಾಲ, ಹೆಂಡತಿಯ ಗೋಳು ಎಲ್ಲವೂ ಅಲ್ಲೇ, ಆ ಕ್ಷಣವೇ ಹಾಡಾಗಬೇಕು. ಪಕ್ಕವಾದ್ಯಕ್ಕೆ ಢೋಲಕ್ ಸಿಕ್ಕರೆ ಸರಿ, ಇಲ್ಲದಿದ್ದರೆ ತಗಡಿನ ಡಬ್ಬಿ, ಬೆಂಕಿಪೊಟ್ಟಣ, ಕೈಚಪ್ಪಾಳೆ.

ಕೇಳುವ ಕಿವಿಗೆ ಇದರ ಕಟ್ಟೋಣ ಗೊತ್ತಾದರೆ ರುಚಿ ಇನ್ನೂ ಹೆಚ್ಚುತ್ತದೆ. ಹಲವು ಗಾನಾಗಳು ತಾಳವಿಲ್ಲದೆ ಶುರುವಾಗುತ್ತವೆ. ಗಾಯಕ ಒಂದು ಸಾಲನ್ನು ಉಸಿರು ಮುಗಿಯುವವರೆಗೆ ಎಳೆಯುತ್ತಾನೆ, ನಮ್ಮ ರಂಗಗೀತೆಗಳ ಸಾಕಿಯ ಹಾಗೆ. ಸಾಲಿನ ಕೊನೆಯಲ್ಲಿ ದನಿ ತುಸು ಒಡೆಯುತ್ತದೆ. ಆ ಒಡಕಿನ ಮೇಲೇ ಬಡಿತ ಬಂದು ಬೀಳುತ್ತದೆ. ಅಳು ಮತ್ತು ಕುಣಿತದ ನಡುವೆ ಅರ್ಧ ಕ್ಷಣದ ಅಂತರವೂ ಇರುವುದಿಲ್ಲ. ತರಬೇತಾದ ಸಿನಿಮಾ ಕಂಠಗಳು ಗಾನಾ ಹಾಡಿದಾಗ ಮೊದಲು ಕಳೆದುಹೋಗುವುದು ಈ ಒಡಕು. ಕಾಸ್ಟ್‌ಲೆಸ್ ಕಲೆಕ್ಟಿವ್‌ನ ಗಾಯಕಿ ಇಸೈವಾಣಿಯವರ ದನಿಯಲ್ಲಿ ಅದು ಉಳಿದಿದೆ. ಗಂಡಸರದೇ ಆಗಿದ್ದ ಈ ಹಾಡುಗಾರಿಕೆಗೆ ನುಗ್ಗಿ ನಿಂತ ಉತ್ತರ ಚೆನ್ನೈನ ಈ ಹೆಣ್ಣುಮಗಳನ್ನು 2020ರಲ್ಲಿ ಬಿಬಿಸಿ ತನ್ನ ನೂರು ಮಹಿಳೆಯರ ಪಟ್ಟಿಗೆ ಸೇರಿಸಿತು. ತಂಡದ ಅತಿ ದೊಡ್ಡ ಆಸ್ತಿ ಇವರ ಕಂಠ ಎಂದೇ ನನ್ನ ಎಣಿಕೆ.

ಇನ್ನು ಪರೈ. ಬೇವಿನ ಮರದ ಬಳೆಗೆ ಬಿಗಿದ ಚರ್ಮ, ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳ್ಳನೆಯ ಕಡ್ಡಿ. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು. ನಮ್ಮ ತಮಟೆಯನ್ನು ಬಲ್ಲವರಿಗೆ ಇದೇನೂ ಹೊಸದಲ್ಲ. ದಪ್ಪ ಕೋಲು ನಡೆಯನ್ನು ಹಿಡಿದರೆ ಕಡ್ಡಿಯ ಸಿಡಿತ ಆ ನಡೆಯನ್ನು ಕೆಣಕುತ್ತಿರುತ್ತದೆ. ಆ ಕಡ್ಡಿಯ ಮಾತು ಕೇಳಿಸದಿದ್ದರೆ ಪರೈ ಕೇಳಿದಂತಲ್ಲ.

ಈ ತಂಡವನ್ನು ಕೇಳುವಾಗಲೆಲ್ಲ ನನಗೆ ಅಮೆರಿಕದ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಎಂಬ ತಂಡ ನೆನಪಾಗುತ್ತದೆ. 2005ರಲ್ಲಿ ಉತ್ತರ ಕೆರೊಲಿನಾದ ಬೂನ್ ಎಂಬ ಊರಲ್ಲಿ ಕಪ್ಪು ಜನರ ಬ್ಯಾಂಜೊ ಪರಂಪರೆಯ ಸಮಾವೇಶವೊಂದು ನಡೆಯಿತು. ಅಲ್ಲಿಗೆ ಬಂದು, ಮುಂದೆ ಆ ತಂಡ ಕಟ್ಟಿದ ಮೂವರು ಯುವಕಲಾವಿದರು ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್. ಗಿಡೆನ್ಸ್ ಒಬರ್ಲಿನ್‌ನಲ್ಲಿ ಆಪೆರಾ ಗಾಯನ ಕಲಿತವರು. ಆ ಮೂವರೂ ಮೆಬೇನ್ ಎಂಬ ಊರಿನ ಪಿಟೀಲುವಾದಕ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ ಕೂರತೊಡಗಿದರು. ಅಜ್ಜನಿಗೆ ಆಗ 86 ವರ್ಷ. ಸ್ವರಲಿಪಿಯಿಲ್ಲ, ಪಾಠವಿಲ್ಲ, ಅಜ್ಜ ಬಾರಿಸಿದಂತೆ ಬಾರಿಸುತ್ತ ಹೋಗುವುದು, ಅಷ್ಟೇ. ಆ ಕೂಟದಿಂದ ಬಂದ ಕಸುವು 2010ರ ‘ಜೆನ್ಯುಯಿನ್ ನೀಗ್ರೊ ಜಿಗ್’ ಆಲ್ಬಂನಲ್ಲಿದೆ. ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು.

ಬ್ಯಾಂಜೊ ಆಫ್ರಿಕದಿಂದ ಗುಲಾಮರ ನೆನಪಿನಲ್ಲಿ ಬಂದ ವಾದ್ಯ. ಮೊದಲು ಸೋರೆಬುರುಡೆಯಲ್ಲಿ ಮಾಡುತ್ತಿದ್ದರು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ಅದನ್ನು ಗೇಲಿಯ ಸಾಧನ ಮಾಡಿದರು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಸಂಗೀತಕ್ಕೊಂದು ಪಟ್ಟಿ, ಗುಡ್ಡಗಾಡಿನ ಬಿಳಿಯರ ಸಂಗೀತಕ್ಕೆ ಇನ್ನೊಂದು ಪಟ್ಟಿ ಎಂದು ವಿಂಗಡಿಸಿದವು. ಪಿಟೀಲು, ಬ್ಯಾಂಜೊ ಎರಡನೆಯ ಪಟ್ಟಿಗೆ ಸೇರಿಹೋದವು. ಮೊಮ್ಮಕ್ಕಳ ಕಾಲಕ್ಕೆ ಅದು ತಮ್ಮ ವಾದ್ಯವೆಂಬುದೇ ಕಪ್ಪು ಜನರಿಗೆ ಮರೆತಂತಾಗಿತ್ತು.

ಪರೈನ ಕತೆ ಇದರ ತಲೆಕೆಳಗು. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ. ಮೇಲ್ಜಾತಿಯವರ ಸಾವಿಗೆ, ಊರ ಸಾರುವಿಕೆಗೆ ಬಾರಿಸಲೇಬೇಕೆಂದು ದಲಿತರ ಮೇಲೆ ಹೇರಿದರು. ಹಾಗಾಗಿ ಅದನ್ನು ಕೆಳಗಿಡುವುದೇ ಸ್ವಾಭಿಮಾನವಾಯಿತು. ನಮ್ಮಲ್ಲೂ ದಲಿತ ಚಳವಳಿಯ ದಿನಗಳಲ್ಲಿ ಊರೂರಲ್ಲಿ ಹುಡುಗರು ತಮಟೆ ಬಡಿಯುವುದಿಲ್ಲ ಎಂದರು, ಅದಕ್ಕಾಗಿ ಬಹಿಷ್ಕಾರವನ್ನೂ ಉಂಡರು. ಅಂಥ ವಾದ್ಯವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾದರೆ ಮೊದಲು ಬಾರಿಸದಿರುವ ಹಕ್ಕನ್ನು ಗೆದ್ದಿರಬೇಕು. ದಿಂಡಿಗಲ್‌ನ ಶಕ್ತಿ ತಂಡದ ಹೆಣ್ಣುಮಕ್ಕಳು ಪರೈ ಹಿಡಿದು ಕುಣಿದಿದ್ದು ಈ ಹಾದಿಯಲ್ಲೇ. ಕಾಸ್ಟ್‌ಲೆಸ್ ಕಲೆಕ್ಟಿವ್ ಕೂಡ ಅದೇ ಹಾದಿಯದು. ಇದನ್ನು ಜಾನಪದ ಫ್ಯೂಷನ್ ಎಂದು ಕರೆದು ಮುಂದೆ ಹೋಗುವವರ ಮೇಲೆ ನನಗೆ ತಕರಾರಿದೆ. ಇಲ್ಲಿ ಎರಡು ಸಂಗೀತಗಳ ಬೆರಕೆಗಿಂತ, ಒಂದು ವಾದ್ಯದ ಮೇಲೆ ಬಾರಿಸುವವನ ಹಕ್ಕೇನು ಎಂಬ ಪ್ರಶ್ನೆ ದೊಡ್ಡದು.

ಹಾಗೆಂದು ಎಲ್ಲ ಹಾಡೂ ಒಂದೇ ಮಟ್ಟದಲ್ಲಿಲ್ಲ. ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದ ಹಾಡುಗಳಲ್ಲಿ ಬೇಸ್ ಮತ್ತು ಗಿಟಾರು ಜಾಗ ತುಂಬಿಕೊಂಡು ಪರೈನ ಕಡ್ಡಿಯನ್ನು, ಚಟ್ಟಿಯ ಚುರುಕನ್ನು ಹಿಂದಕ್ಕೆ ತಳ್ಳುತ್ತವೆ. ವೇದಿಕೆಯಲ್ಲಿ ಈ ತೊಂದರೆ ಕಡಿಮೆ; ಅಲ್ಲಿ ಚರ್ಮವಾದ್ಯಗಳೇ ಮುಂದಾಳು, ಗಿಟಾರು ಹಿಂಬಾಲಿಸುತ್ತದೆ. ಇನ್ನೊಂದು ಮಾತು. ಮೀಸಲಾತಿಯ ಹಾಡು, ಗೋಮಾಂಸದ ಹಾಡುಗಳಲ್ಲಿ ವಾದ ನೇರವಾಗಿದೆ, ಇರಲೇಬೇಕಿತ್ತು. ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಒಬ್ಬ ಮನುಷ್ಯನ, ಒಂದು ಓಣಿಯ ವಿವರ ಇರುವ ಹಾಡು. ಮರಣ ಗಾನಾದ ಶಕ್ತಿ ಇದ್ದದ್ದೇ ಸತ್ತವನ ಹೆಸರು ಹಿಡಿದು ಹಾಡುವುದರಲ್ಲಿ. ತಂಡದಲ್ಲಿದ್ದ ಕವಿ ಅರಿವು ಇದನ್ನು ಚೆನ್ನಾಗಿ ಬಲ್ಲರು. ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದ ತಮ್ಮ ಅಜ್ಜಿ ವಳ್ಳಿಯಮ್ಮನ ಬದುಕನ್ನು ಅವರು 2021ರ ‘ಎಂಜಾಯ್ ಎಂಜಾಮಿ’ಯೊಳಗೆ ತಂದರು, ದೃಶ್ಯದಲ್ಲಿ ಅಜ್ಜಿಯನ್ನೇ ಕೂರಿಸಿದರು. ಗಿಡೆನ್ಸ್‌ಗೆ ಜೋ ಥಾಂಪ್ಸನ್ ಇದ್ದಂತೆ ಅರಿವುಗೆ ವಳ್ಳಿಯಮ್ಮ.

ನೀಲಂ ಕೇಂದ್ರ 2020ರ ಡಿಸೆಂಬರ್‌ನಿಂದ ‘ಮಾರ್ಗಳಿಯಿಲ್ ಮಕ್ಕಳಿಸೈ’ ಎಂಬ ಉತ್ಸವ ನಡೆಸಲು ಶುರುಮಾಡಿತು. ಗಾನಾ, ಒಪ್ಪಾರಿ (ಸಾವಿನ ಶೋಕಗೀತೆ), ಪರೈ ಕಲಾವಿದರು ಅಲ್ಲಿ ಮುಖ್ಯ ವೇದಿಕೆಯಲ್ಲೇ ಹಾಡುತ್ತಾರೆ, ಬಾರಿಸುತ್ತಾರೆ. ಬೆಂಗಳೂರಿನ ಬ್ಯಾಂಡುಗಳು ನೋಡಿ ಕಲಿಯಬೇಕಾದದ್ದು ಇದನ್ನು. ನಮ್ಮಲ್ಲಿ ತಮಟೆ ಇನ್ನೂ ಹಾಡಿನ ನಡುವೆ ಎಂಟು ಮಾತ್ರೆ ಬಂದು ಹೋಗುವ ಒಗ್ಗರಣೆ. ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಮನೆಯ ಜಗುಲಿಯಲ್ಲಿ ತಿಂಗಳುಗಟ್ಟಲೆ ಕೂತು ಕಲಿತ ಒಂದು ನಗರದ ತಂಡವನ್ನು ಕೇಳಬೇಕೆಂದು ನನಗೆ ಬಹಳ ಆಸೆಯಿದೆ.

ಈ ವಾರ ಕೇಳುವವರಿಗೆ: ಮೊದಲು ಜೋ ಥಾಂಪ್ಸನ್ ಅವರ ‘ಫ್ಯಾಮಿಲಿ ಟ್ರೆಡಿಷನ್’, ಆಮೇಲೆ ಚಾಕೊಲೇಟ್ ಡ್ರಾಪ್ಸ್, ಆಮೇಲೆ ಕಾಸ್ಟ್‌ಲೆಸ್ ಕಲೆಕ್ಟಿವ್‌ನ ವೇದಿಕೆ ಪ್ರದರ್ಶನಗಳ ವಿಡಿಯೊ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಮಾತ್ರ ಬೇಡ. ಪರೈನ ದಪ್ಪ ಕೋಲಿನ ಏಟು ಅದರಲ್ಲಿ ಕೇಳಿಸುವುದೇ ಇಲ್ಲ.