ದೊಡ್ಡಬಳ್ಳಾಪುರದ ಒಗರು

ಕಳೆದ ಶನಿವಾರ ನೌಪಾಡಾದ ನಮ್ಮ ಮನೆಯಲ್ಲಿ ಎರಡು ಬಾಟಲಿಗಳು ಅಕ್ಕಪಕ್ಕ ಕೂತಿದ್ದವು. ಒಂದು, ಡೊಂಬಿವಲಿಯ ಗೆಳೆಯ ಏರ್‌ಪೋರ್ಟಿನಿಂದ ತಂದ ಬೋರ್ಡೋ. ಇನ್ನೊಂದು, ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಿಂದ ಬರುವ ಗ್ರೋವರ್ ಅವರ ಲಾ ರಿಸರ್ವ್. ಎರಡನ್ನೂ ಒಂದೊಂದು ಗುಟುಕು ಕುಡಿದು ಗೆಳೆಯ (ಕುಂದಾಪುರದವನು) ತೀರ್ಪು ಕೊಟ್ಟ: "ಅಡ್ಡಿಲ್ಲ ಮಾರಾಯ, ನಮ್ಮದೂ ಹೆಚ್ಚುಕಡಿಮೆ ಫ್ರೆಂಚಿನ ಹಾಗೇ ಉಂಟು." ಅವನು ಹೊಗಳಿದ್ದೇ. ನನ್ನ ತಕರಾರು ಆ ಹೊಗಳಿಕೆಯ ಮೇಲೆ.

ಫ್ರೆಂಚರ ಕೈ ಇದರಲ್ಲಿ ಇರುವುದು ನಿಜ. 1988ರಲ್ಲಿ ಕನ್ವಲ್ ಗ್ರೋವರ್ ತೋಟ ಶುರು ಮಾಡಿದಾಗ ಜೊತೆಗಿದ್ದವರು ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್. ತೊಂಬತ್ತರ ದಶಕದ ನಡುವೆ ಬೋರ್ಡೋದ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಆದರೆ ಬಾಟಲಿಯ ಒಳಗೆ ಕ್ಯಾಬರ್ನೆ ಸೋವಿನ್ಯೋಂ ಜೊತೆ ಶಿರಾಜ್ ಇದೆ. ಶಿರಾಜ್ ಅಂದರೆ ರೋನ್ ಕಣಿವೆಯ ಸಿರಾ. ಇವೆರಡನ್ನು ಬೆರೆಸಿದ್ದಕ್ಕೆ ಬೋರ್ಡೋ ಎಂದು ಹೆಸರಿಡಲು ಅಲ್ಲಿಯ ಕಾನೂನು ಬಿಡುವುದಿಲ್ಲ. ತಮಾಷೆಯೆಂದರೆ, ಹತ್ತೊಂಬತ್ತನೇ ಶತಮಾನದಲ್ಲಿ ಬೋರ್ಡೋ ವ್ಯಾಪಾರಿಗಳೇ ತಮ್ಮ ತೆಳು ವೈನಿಗೆ ರೋನಿನ ಸಿರಾ ಸುರಿದು ಗಟ್ಟಿ ಮಾಡುತ್ತಿದ್ದರು. ಬಿಸಿಲು ಏರುತ್ತಿದೆಯೆಂದು 2021ರಲ್ಲಿ ಪೋರ್ಚುಗಲ್ಲಿನ ಟೂರಿಗಾ ನಸಿಯೊನಾಲ್‌ನಂಥ ತಳಿಗಳಿಗೂ ಅಲ್ಲಿ ಸ್ವಲ್ಪ ಜಾಗ ಸಿಕ್ಕಿದೆ. ನಾವು ಹಿಡಿದಿರುವ ಅಳತೆಗೋಲೇ ಒಂದು ಕಡೆ ನಿಂತಿಲ್ಲ.

ಬೋರ್ಡೋದ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ. ಅಲ್ಲಿ ಕೊಯ್ಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ನಮ್ಮ ಬಳ್ಳಿಗೆ ಆ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ (ವಿಜಯಪುರದ ದ್ರಾಕ್ಷಿ ಬೆಳೆಗಾರರ ಈ ಮಾತು ಇಲ್ಲಿಯ ಮರಾಠಿಯ ಛಾಟಣಿಯೇ), ಮಳೆ ಕಳೆದ ಮೇಲೆ ಕಾಯಿ ಹಿಡಿಸಿ, ಫೆಬ್ರುವರಿ-ಮಾರ್ಚಿನಲ್ಲಿ ಕೊಯ್ಯುತ್ತಾರೆ. ಬಿಸಿಲು ಹೆಚ್ಚಿದಷ್ಟೂ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಗ್ಲಾಸಿನಲ್ಲೂ ಅದೇ ಕಂಡಿತು. ಬೋರ್ಡೋದಲ್ಲಿ ಹುಳಿ ಮುಂದೆ, ಒಗರು ನಾಲಗೆಯ ಮೇಲೆ ಬಹಳ ಹೊತ್ತು. ನಂದಿಯದರಲ್ಲಿ ಮೊದಲು ಹಣ್ಣು, ಹಿಂದಿನಿಂದ ಕಾಳುಮೆಣಸಿನ ಘಾಟು.

ಆ ಹಣ್ಣಿನ ರುಚಿಗೆ ವೈನ್ ಬರಹಗಳಲ್ಲಿ ಬ್ಲ್ಯಾಕ್‌ಕರಂಟ್ ಎನ್ನುತ್ತಾರೆ. ಆ ಹಣ್ಣನ್ನು ನಮ್ಮ ಕೂಟದಲ್ಲಿ ಒಬ್ಬರೂ ತಿಂದವರಲ್ಲ. ನನಗೆ ನೆನಪಾದದ್ದು ನೇರಳೆ: ಮೊದಲು ಸಿಹಿ, ಆಮೇಲೆ ನಾಲಗೆ ದಪ್ಪವಾದಂತೆ ಮಾಡುವ ಒಗರು. ಟ್ಯಾನಿನ್ ಎಂದು ಅವರು ಪ್ಯಾರಾಗಟ್ಟಲೆ ವಿವರಿಸುವುದಕ್ಕೆ, ಅಡಿಕೆ ಅಗಿದು ಬಾಳೆಕಾಯಿ ಹೆಚ್ಚಿದ ನಮಗೆ ಈ ಒಂದು ಪದ ಸಾಕು. ಪದ ಕೈಯಲ್ಲಿದ್ದೂ 'ಫ್ರೆಂಚಿನ ಹಾಗೆ' ಎಂದು ಕೈಮುಗಿದುಬಿಟ್ಟರೆ, ನಾವು ಕುಡಿದದ್ದನ್ನು ನಾವೇ ರುಚಿ ನೋಡಿಲ್ಲ ಎಂದಾಯಿತು.

ಹಾಗಂತ ಊರಿನದೆಂಬ ಅಭಿಮಾನಕ್ಕೆ ಅಂಕ ಕೊಡಲಾರೆ. ಎರಡನೇ ಗ್ಲಾಸಿಗೆ ನಾನು ಸುರಿದುಕೊಂಡದ್ದು ಬೋರ್ಡೋವನ್ನೇ. ಅದರ ಆಳ ದೊಡ್ಡದು. ಅಷ್ಟರಲ್ಲಿ ಒಳಗಿನಿಂದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಂದವು. ಖಾರದ ಮೇಲೆ ಬೋರ್ಡೋದ ಹುಳಿ-ಒಗರು ಎರಡೂ ಹರಿತವಾಗಿ, ಬಾಯಿ ಉರಿಯತೊಡಗಿತು. ಕುಂದಾಪುರದವನು ಏನೂ ಹೇಳದೆ ತನ್ನ ಗ್ಲಾಸನ್ನು ನಂದಿಯ ಕಡೆ ಸರಿಸಿದ.