ಭಾಗಿಸದೆಯೇ ಶೇಷ ತಿಳಿಯುವ ಕಲೆ

18947668177995426462773730. ಇಪ್ಪತ್ತಾರು ಅಂಕಗಳ ಈ ಸಂಖ್ಯೆ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗೆಂದು ಹೇಳಲು ಭಾಗಾಕಾರ ಮಾಡಬೇಕಾಗಿಲ್ಲ. ಬಲತುದಿಯಿಂದ ಹೊರಟು ಒಂದು ಅಂಕವನ್ನು ಕೂಡಿ, ಮುಂದಿನದನ್ನು ಕಳೆದು, ಮತ್ತೊಂದನ್ನು ಕೂಡಿ, ಹೀಗೆಯೇ ಎಡತುದಿ ಮುಟ್ಟಿ. ಕೈಯಲ್ಲಿ ಉಳಿಯುವುದು ಸೊನ್ನೆ. ಪೆನ್ಸಿಲ್ ಹಿಡಿದು ಈಗಲೇ ಮಾಡಿ ನೋಡಿ, ಆಮೇಲೆ ಮುಂದೆ ಓದಿ.

ಈ ಸಂಖ್ಯೆ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ಅವರ ಬಾಯಿಂದ ಬಂದದ್ದು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರ ಮುಂದೆ ಹದಿಮೂರು ಅಂಕಗಳ ಎರಡು ಸಂಖ್ಯೆಗಳನ್ನಿಟ್ಟರು: 7686369774870 ಮತ್ತು 2465099745779. ಅವರು 28 ಸೆಕೆಂಡುಗಳಲ್ಲಿ ಗುಣಲಬ್ಧ ಹೇಳಿದರು. ಅಷ್ಟು ವೇಗ ನಮಗೆ ಒಲಿಯದು. ಆದರೆ ಆ ಉತ್ತರವನ್ನು ಪರೀಕ್ಷಿಸುವ ವಿದ್ಯೆ ಆರನೇ ತರಗತಿಯ ಹುಡುಗಿಗೂ ದಕ್ಕುತ್ತದೆ. ಎರಡನೆಯ ಸಂಖ್ಯೆಗೆ ಕೂಡು-ಕಳೆ ನಡೆಸಿ ನೋಡಿ, ಅಲ್ಲಿಯೂ ಸೊನ್ನೆ. ಗುಣಿಸಿದ ಎರಡು ಸಂಖ್ಯೆಗಳಲ್ಲಿ ಒಂದು 11ರಿಂದ ಭಾಗವಾದರೆ ಗುಣಲಬ್ಧವೂ ಆಗಲೇಬೇಕು. ಆಗಿದೆ.

ಶಾಲೆಯಲ್ಲಿ ಭಾಜ್ಯತೆಯ ನಿಯಮಗಳು ಪಟ್ಟಿಯಾಗಿ ಬರುತ್ತವೆ. ಎರಡಕ್ಕೆ ಹೀಗೆ, ಮೂರಕ್ಕೆ ಹಾಗೆ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಪಟ್ಟಿಯನ್ನು ಬದಿಗಿಡಿ. ಎಲ್ಲ ನಿಯಮಗಳ ಹಿಂದೆ ಇರುವುದು ಒಂದೇ ಉಪಾಯ: ದೊಡ್ಡ ಸಂಖ್ಯೆಯೊಳಗೆ ಅಡಗಿರುವ ಭಾಜಕದ ಅಪವರ್ತ್ಯಗಳನ್ನು ಎತ್ತಿ ಹೊರಗಿಡುವುದು. ಅವನ್ನು ತೆಗೆದರೆ ಶೇಷ ಕದಲುವುದಿಲ್ಲ, ಸಂಖ್ಯೆ ಮಾತ್ರ ಸಣ್ಣದಾಗುತ್ತದೆ. ಯಾವ ಅಪವರ್ತ್ಯವನ್ನು ತೆಗೆದರೆ ಅತಿ ಸುಲಭ ಎಂಬುದನ್ನು ಕಂಡುಹಿಡಿಯುವುದರಲ್ಲಿಯೇ ಸೊಗಸಿದೆ.

2, 5, 10ಕ್ಕೆ ಕೊನೆಯ ಅಂಕ ಸಾಕು. 4 ಮತ್ತು 25ಕ್ಕೆ ಕೊನೆಯ ಎರಡು, 8ಕ್ಕೆ ಕೊನೆಯ ಮೂರು. ನೂರು 4ರಿಂದಲೂ ಸಾವಿರ 8ರಿಂದಲೂ ಭಾಗವಾಗುವುದರಿಂದ ಮುಂದಿನ ಅಂಕಗಳನ್ನು ನೋಡುವ ಅಗತ್ಯವೇ ಇಲ್ಲ. 12ಕ್ಕೆ 3 ಮತ್ತು 4ರ ಪರೀಕ್ಷೆ ಎರಡೂ ಬೇಕು. 2 ಮತ್ತು 6 ಸಾಲದು, ಏಕೆಂದರೆ 18 ಎರಡನ್ನೂ ದಾಟಿ 12ರಲ್ಲಿ ಸಿಕ್ಕಿಬೀಳುತ್ತದೆ. ಇಷ್ಟು ತಿಳಿದು ಮುಂದಕ್ಕೆ ಹೋಗೋಣ.

ರುಚಿ ಹತ್ತುವುದು ಒಂಬತ್ತರಿಂದ. ನೂರು ಅಡಿಕೆಯನ್ನು ಒಂಬತ್ತೊಂಬತ್ತರ ರಾಶಿ ಮಾಡಿದರೆ ಹನ್ನೊಂದು ರಾಶಿಯಾಗಿ ಒಂದು ಅಡಿಕೆ ಉಳಿಯುತ್ತದೆ. ಹತ್ತು ಅಡಿಕೆಯಲ್ಲಿಯೂ ಉಳಿಯುವುದು ಒಂದೇ, ಸಾವಿರದಲ್ಲಿಯೂ ಒಂದೇ. ಹಾಗಾದರೆ 400ರಲ್ಲಿ ಉಳಿಯುವುದು ನಾಲ್ಕು, 70ರಲ್ಲಿ ಏಳು. ಒಂದು ಅಂಕ ಯಾವ ಸ್ಥಾನದಲ್ಲಿ ಕುಳಿತರೂ ಒಂಬತ್ತರ ಕಣ್ಣಿಗೆ ಅದು ಬರೀ ಆ ಅಂಕವೇ. ಅದಕ್ಕೇ ಅಂಕಗಳ ಮೊತ್ತ ನೋಡಿದರೆ ಸಾಕು. ಮೊತ್ತ 9ರಿಂದ ಭಾಗವಾಗದಿದ್ದರೂ ನಷ್ಟವಿಲ್ಲ, ಶೇಷ ಎಷ್ಟೆಂದು ಅದೇ ಹೇಳುತ್ತದೆ.

ಶಕುಂತಲಾ ದೇವಿ ಅವರ ಲೆಕ್ಕಕ್ಕೆ ಇದನ್ನು ಹಿಡಿಯೋಣ. ಮೊದಲ ಸಂಖ್ಯೆಯ ಅಂಕಗಳ ಮೊತ್ತ 78, ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡಲ ಹನ್ನೆರಡು, ಅದನ್ನು 9ರಿಂದ ಭಾಗಿಸಿದರೆ ಶೇಷ 3. ಗುಣಲಬ್ಧದ ಅಂಕಗಳ ಮೊತ್ತ 138, ಅದರ ಶೇಷವೂ 3. ಉತ್ತರ ಸರಿಯೆಂಬುದಕ್ಕೆ ಇದು ಪೂರ್ಣ ಸಾಕ್ಷಿಯಲ್ಲ, ಆದರೆ ಶೇಷ ಬೇರೆಯಾಗಿದ್ದರೆ ತಪ್ಪೆಂಬುದು ಖಚಿತವಾಗುತ್ತಿತ್ತು. ಈ ತಾಳೆ ನೋಡುವ ಪದ್ಧತಿ ನಮ್ಮಲ್ಲಿ ಹಳೆಯದು. ಹತ್ತನೆಯ ಶತಮಾನದ ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಒಂಬತ್ತರ ಪರೀಕ್ಷೆಯಿದೆ. 1356ರಲ್ಲಿ ‘ಗಣಿತಕೌಮುದಿ’ ಬರೆದ ನಾರಾಯಣ ಪಂಡಿತ ಒಂಬತ್ತೇ ಏಕೆ, ಯಾವ ಸಂಖ್ಯೆಯಿಂದಲಾದರೂ ಹೀಗೆ ತಾಳೆ ನೋಡಬಹುದೆಂದು ತೋರಿಸಿದ.

ಒಂಬತ್ತಕ್ಕೆ ಒಂದು ಕುರುಡಿದೆ. ಸ್ಥಾನವನ್ನು ಅದು ಲೆಕ್ಕಿಸದ ಕಾರಣ 52 ಎಂದು ಬರೆಯುವಲ್ಲಿ 25 ಎಂದು ಬರೆದರೆ ಅದಕ್ಕೆ ತಿಳಿಯುವುದಿಲ್ಲ. ನಾವು ಕೈತಪ್ಪಿ ಮಾಡುವ ತಪ್ಪುಗಳಲ್ಲಿ ಇದೂ ಸಾಮಾನ್ಯ. ಇಲ್ಲಿ ನೆರವಿಗೆ ಬರುವುದು ಹನ್ನೊಂದು. 10 ಎಂದರೆ 11ಕ್ಕೆ ಒಂದು ಕಡಿಮೆ, 100 ಎಂದರೆ 99ಕ್ಕೆ ಒಂದು ಹೆಚ್ಚು, 1000 ಎಂದರೆ 1001ಕ್ಕೆ ಒಂದು ಕಡಿಮೆ. 11, 99, 1001 ಮೂರೂ 11ರ ಅಪವರ್ತ್ಯಗಳು. ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ಆಗುವುದರಿಂದಲೇ ಕೂಡು-ಕಳೆಯ ಸರದಿ. ಪಕ್ಕಪಕ್ಕದ ಎರಡು ಬೇರೆ ಅಂಕಗಳು ಅದಲುಬದಲಾದರೆ ಕೂಡಬೇಕಾದದ್ದು ಕಳೆಯುವ ಕಡೆಗೆ ಹೋಗುತ್ತದೆ, ಮೊತ್ತ ಅವುಗಳ ವ್ಯತ್ಯಾಸದ ಎರಡರಷ್ಟು ಅಲುಗುತ್ತದೆ. ಆ ಅಲುಗಾಟ ಎಂದೂ 11ರ ಅಪವರ್ತ್ಯವಾಗಲಾರದು, ಆದ್ದರಿಂದ ತಪ್ಪು ಸಿಕ್ಕಿಯೇ ಸಿಗುತ್ತದೆ. ಮನೆಯಲ್ಲಿ 2007ಕ್ಕೆ ಹಿಂದಿನ ಪುಸ್ತಕಗಳಿದ್ದರೆ ಅವುಗಳ ಹತ್ತು ಅಂಕದ ಐಎಸ್‌ಬಿಎನ್ ಗಮನಿಸಿ. ಕೆಲವಕ್ಕೆ ಕೊನೆಯಲ್ಲಿ ಎಕ್ಸ್ ಅಕ್ಷರವಿರುತ್ತದೆ. ಅದು ಹತ್ತು ಎಂಬುದರ ಗುರುತು. ಆ ಸಂಖ್ಯೆಗಳನ್ನು ಕಾಯುತ್ತಿದ್ದದ್ದು ಈ ಹನ್ನೊಂದೇ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಪರೀಕ್ಷೆ. 1001 = 7 × 11 × 13. ಈ ಒಂದು ಗುಣಾಕಾರವನ್ನು ಮಗ್ಗಿಯ ಹಾಗೆ ನೆನಪಿಡಿ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಗಳ ಗುಂಪು ಮಾಡಿ, ಗುಂಪುಗಳನ್ನೇ ಸರದಿಯಲ್ಲಿ ಕೂಡಿ, ಕಳೆಯಿರಿ. ಬಂದದ್ದು 7ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಭಾಗವಾಗುತ್ತದೆ. 11, 13ಕ್ಕೂ ಅಷ್ಟೇ. ಒಂದೇ ನಡಿಗೆಯಲ್ಲಿ ಮೂರು ಭಾಜಕಗಳ ಉತ್ತರ. ನಾವು ಲಕ್ಷ, ಕೋಟಿಗೆ ಎರಡೆರಡು ಅಂಕಕ್ಕೆ ಅಲ್ಪವಿರಾಮ ಹಾಕುವವರು, ಇಲ್ಲಿ ಆ ರೂಢಿ ದಾರಿ ತಪ್ಪಿಸುತ್ತದೆ. ಅಲ್ಪವಿರಾಮಗಳನ್ನು ಅಳಿಸಿ ಹೊಸದಾಗಿ ಗುಂಪು ಮಾಡಿಕೊಳ್ಳಿ.

ಇದನ್ನು ಸವಿಯಲು ತಕ್ಕ ಸಂಖ್ಯೆ ನಮ್ಮ ನೆಲದಲ್ಲಿಯೇ ಇದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ ಕಾಲಕ್ಕೆ ಸೇರಿದವನು ಮಹಾವೀರಾಚಾರ್ಯ. ಅವನ ‘ಗಣಿತಸಾರಸಂಗ್ರಹ’ದಲ್ಲಿ ಗುಣಾಕಾರದ ಉದಾಹರಣೆಗಳಾಗಿ ಕೆಲವು ಕಂಠಹಾರಗಳಿವೆ. ಎರಡು ತುದಿಯಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳು ಅವು. ಅವುಗಳಲ್ಲೊಂದು: 27994681ನ್ನು 441ರಿಂದ ಗುಣಿಸಿದರೆ 12345654321.

ಈ ಹಾರವನ್ನು ನಮ್ಮ ಪರೀಕ್ಷೆಗೆ ಒಡ್ಡೋಣ. ಗುಂಪುಗಳು: 12, 345, 654, 321. ಬಲದಿಂದ 321ರಲ್ಲಿ 654 ಕಳೆದು, 345 ಕೂಡಿ, 12 ಕಳೆದರೆ ಸೊನ್ನೆ! ಒಂದೇ ಏಟಿಗೆ 7, 11, 13 ಮೂರೂ ಒಳಗಿವೆ. ಇನ್ನೂ ಇದೆ. 999 = 27 × 37; ಆದ್ದರಿಂದ ಮೂರಂಕದ ಗುಂಪುಗಳನ್ನು ಬರೀ ಕೂಡಿದರೆ 37ರ ಪರೀಕ್ಷೆಯಾಗುತ್ತದೆ. 12 + 345 + 654 + 321 = 1332. ಮತ್ತೆ ಗುಂಪು ಮಾಡಿ 1 + 332 = 333, ಅದು 37ರ ಒಂಬತ್ತರಷ್ಟು. ಅಂಕಗಳ ಮೊತ್ತ 36, ಹಾಗಾಗಿ 9ರಿಂದಲೂ ಭಾಗವಾಗುತ್ತದೆ. ಇಷ್ಟೊಂದು ಭಾಜಕಗಳು ಒಟ್ಟಿಗೆ ಏಕೆ ಬಂದವು? ಹಾರವೆಂದರೆ 111111ರ ವರ್ಗ. 111111 ಎಂದರೆ 3 × 7 × 11 × 13 × 37. ಪ್ರತಿಯೊಂದು ಅವಿಭಾಜ್ಯವೂ ಹಾರದಲ್ಲಿ ಎರಡೆರಡು ಸಲ ಇದೆ. 3 ಮತ್ತು 7ರ ಜೋಡಿಗಳು 441ಕ್ಕೆ ಹೋದವು, ಉಳಿದ ಜೋಡಿಗಳು ಸೇರಿ 27994681 ಆದವು. ಅದೂ ಒಂದು ವರ್ಗವೇ, 5291ರದ್ದು. ಸಾವಿರ ವರ್ಷಕ್ಕೂ ಹಿಂದೆ ಪೋಣಿಸಿದ ಹಾರದ ಮಣಿಗಳನ್ನು ಒಂದೊಂದಾಗಿ ಎಣಿಸುವಾಗ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

7ಕ್ಕೆ ಇನ್ನೊಂದು ನಿಯಮ ಪ್ರಸಿದ್ಧ: ಕೊನೆಯ ಅಂಕವನ್ನು ಕಿತ್ತು, ಅದರ ಎರಡರಷ್ಟನ್ನು ಉಳಿದ ಸಂಖ್ಯೆಯಿಂದ ಕಳೆಯುವುದು. 343ರಲ್ಲಿ 34 − 6 = 28, ಆದ್ದರಿಂದ ಭಾಗವಾಗುತ್ತದೆ. ಚಿಕ್ಕ ಸಂಖ್ಯೆಗಳಿಗೆ ಇದು ಚೆನ್ನ. ಹನ್ನೆರಡು ಅಂಕದ ಸಂಖ್ಯೆಗೆ ಮಾತ್ರ ಒಂದೊಂದೇ ಅಂಕ ಕೀಳುತ್ತ ಕೂರಬೇಕು. ಅಷ್ಟು ಹೊತ್ತಿಗೆ ಭಾಗಾಕಾರವೇ ಮುಗಿದಿರುತ್ತದೆ. ಇನ್ನೊಂದು ಕೊರತೆಯೂ ಇದೆ, ಅದು ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. 45ನ್ನು ತೆಗೆದುಕೊಳ್ಳಿ: 4 − 10 = −6, ಅದಕ್ಕೆ 7 ಕೂಡಿದರೆ 1. ಆದರೆ 45ನ್ನು 7ರಿಂದ ಭಾಗಿಸಿದರೆ ಉಳಿಯುವುದು 3. ಈ ನಿಯಮ ‘ಹೌದು’, ‘ಇಲ್ಲ’ ಎಂಬಷ್ಟನ್ನು ಹೇಳುತ್ತದೆ, ಶೇಷವನ್ನು ಕೆಡಿಸಿಬಿಡುತ್ತದೆ. 9, 11, 1001ರ ಪರೀಕ್ಷೆಗಳು ಶೇಷವನ್ನೂ ಕಾಪಾಡುತ್ತವೆ. ಅದಕ್ಕೇ ನನ್ನ ಲೆಕ್ಕದಲ್ಲಿ ಅವು ಮೇಲಿನ ಪಂಕ್ತಿಯವು.

ಆದರೂ ಅಂಕ ಕೀಳುವ ಉಪಾಯಕ್ಕೆ ಒಂದು ದೊಡ್ಡ ಗುಣವಿದೆ: ಪುಸ್ತಕದಲ್ಲಿಲ್ಲದ ಭಾಜಕಕ್ಕೂ ನಿಯಮವನ್ನು ನೀವೇ ಕಟ್ಟಬಹುದು. ಭಾಜಕದ ಮಗ್ಗಿಯಲ್ಲಿ 9ರಲ್ಲಿ ಅಥವಾ 1ರಲ್ಲಿ ಕೊನೆಯಾಗುವ ಸಂಖ್ಯೆ ಹುಡುಕಿ. 29 ತಾನೇ 9ರಲ್ಲಿ ಕೊನೆಯಾಗುತ್ತದೆ, ಒಂದು ಸೇರಿಸಿದರೆ 30. ಅಂದರೆ ಕೊನೆಯ ಅಂಕವನ್ನು 3ರಿಂದ ಗುಣಿಸಿ ಉಳಿದದ್ದಕ್ಕೆ ಕೂಡಬೇಕು. 1537ಕ್ಕೆ ಹಚ್ಚಿ: 153 + 21 = 174, ಮತ್ತೆ 17 + 12 = 29. ಭಾಗವಾಗುತ್ತದೆ. 31 ಒಂದರಲ್ಲಿ ಕೊನೆಯಾಗುವುದರಿಂದ ಅಲ್ಲಿ ಕೂಡುವ ಬದಲು ಕಳೆಯಬೇಕು: 1643ರಲ್ಲಿ 164 − 9 = 155, ಮತ್ತೆ 15 − 15 = 0. 17ಕ್ಕೆ 51 ಇದೆ, 23ಕ್ಕೆ 69. 43ರ ಮಗ್ಗಿಯಲ್ಲಿ ಮೂರನೆಯ ಮೆಟ್ಟಿಲಿಗೇ 129 ಸಿಗುತ್ತದೆ. ಅಲ್ಲಿ ಕೊನೆಯ ಅಂಕವನ್ನು ಎಷ್ಟರಿಂದ ಗುಣಿಸಬೇಕು, ಕೂಡಬೇಕೋ ಕಳೆಯಬೇಕೋ ಎಂಬುದನ್ನು ನೀವೇ ಗೊತ್ತುಮಾಡಿ, 1849ರ ಮೇಲೆ ಪ್ರಯೋಗಿಸಿ.