ಕನ್ನಡ ಕೇಳುವ ಚಟ

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೊರಟ ಕೆಂಪು ಬಸ್ಸು ಹತ್ತಿ, ಬಾಗಿಲ ಹತ್ತಿರದ ಸೀಟು ಹಿಡಿಯಿರಿ. ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬೇಡಿ. ಈ ಚಟಕ್ಕೆ ಬೇರೆ ಖರ್ಚಿಲ್ಲ.

ಕಲಘಟಗಿಯವರೆಗೆ ಮನೆ ‘ಮನಿ’, ತಲೆ ‘ತಲಿ’. ‘ಬರುತ್ತಾನೆ’ ಬಾಲ ಕಳಚಿ ‘ಬರ್ತಾನ’ ಆಗಿರುತ್ತದೆ. ಮಡಿಲ ಮೇಲೆ ಚೀಲವಿಟ್ಟುಕೊಂಡ ಅಜ್ಜಿ ‘ಮೆಂತೆಪಲ್ಯ’ ಎಂದರೆ ಮೈಸೂರಿನವರಿಗೆ ಒಗ್ಗರಣೆ ನೆನಪಾಗುತ್ತದೆ. ಚೀಲದಲ್ಲಿರುವುದು ಹಸಿ ಸೊಪ್ಪು! ಯಲ್ಲಾಪುರ ಹತ್ತಿರವಾದಂತೆ ಅಡಿಕೆ ತೋಟದವರು ಹತ್ತುತ್ತಾರೆ. ಹವ್ಯಕರ ಮಾತಿನಲ್ಲಿ ಅಕ್ಕ ‘ಬಂದಳು’ ಅಲ್ಲ, ‘ಬಂತು’. ಹೆಂಗಸರಿಗೂ ನಪುಂಸಕಲಿಂಗವೇ ಎಂದು ಮೊದಲ ಸಲ ಕೇಳಿದವರು ಹುಬ್ಬೇರಿಸುತ್ತಾರೆ. ನನಗೇನೋ ಅದರಲ್ಲಿ, ‘ಮಗು ಬಂತು’ ಎನ್ನುವಾಗಿನ ಅಕ್ಕರೆಯೇ ಕೇಳಿಸುತ್ತದೆ.

ಇವುಗಳಲ್ಲಿ ಶುದ್ಧ ಕನ್ನಡ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸಿಡುಕು ಬರುತ್ತದೆ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎನ್ನುತ್ತದೆ. ಅಲ್ಲಿನ ಕನ್ನಡಗಳ ದೋಷ ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬರ್ಥದ ಮಾತನ್ನೂ ಆಡಿಬಿಟ್ಟಿದೆ. ಗಮನಿಸಿ, ಆಗಲೇ ‘ಕನ್ನಡಗಳು’, ಬಹುವಚನ. 2011ರ ಜನಗಣತಿಯ ಹೊತ್ತಿಗೆ ಈ ತಾಯ್ನುಡಿಯವರು ಸುಮಾರು 4.37 ಕೋಟಿ. ಗಡಿಯಾಚೆ ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು, ಕಾಸರಗೋಡುಗಳಲ್ಲೂ ಮನೆಮಾತಾಗಿ ಉಳಿದಿದೆ. ಇನ್ನು ವಾಸುಕಿಯ ಪಾಡು ಕೇಳಬೇಕೆ?

ಕಿವಿ ಪಳಗಿದವರಿಗೊಂದು ಆಟ ಹೇಳುತ್ತೇನೆ. ಹಾಲು, ಹುಲಿಗಳ ಹಕಾರ ತೆಗೆದು ಪಕಾರ ಇಡಿ. ತಮಿಳು, ತೆಲುಗು ನೆರೆಹೊರೆಯವರ ಪಾಲು, ಪುಲಿಗಳು ಥಟ್ಟನೆ ಎದುರಾಗುತ್ತವೆ. ಹತ್ತನೆಯ ಶತಮಾನದ ಪಂಪನಿಗೂ ಅದು ‘ಪಾಲ್’ ಆಗಿತ್ತು. ಆಮೇಲಾಮೇಲೆ ತುಟಿ ಸಡಿಲಗೊಂಡು ಉಸಿರಷ್ಟೇ ಉಳಿಯಿತು. ಬೆಳಗಿನ ಹಾಲು ಕೊಳ್ಳುವಾಗಲೆಲ್ಲ ನಾವು ಆ ಸಡಿಲಿಕೆಯನ್ನೇ ಉಚ್ಚರಿಸುತ್ತಿದ್ದೇವೆ. ಇದನ್ನು ಓದಿ ತಿಳಿದದ್ದಕ್ಕಿಂತ, ತುಟಿ ಮುಚ್ಚಿ ತೆರೆದು ತಿಳಿದಾಗ ನನಗೆ ಹೆಚ್ಚು ಖುಷಿಯಾಗಿತ್ತು. ಪಕ್ಕದ ಸೀಟಿನವರು ಮಾತ್ರ ಸ್ವಲ್ಪ ಆಚೆ ಸರಿದು ಕೂತರು.

ಘಟ್ಟ ಇಳಿದ ಮೇಲೆ ಅಂಕೋಲಾದಲ್ಲಿ ಇಳಿಯಬೇಡಿ ಎನ್ನಲಾರೆ, ಮೀನೂಟ ಚೆನ್ನಾಗಿರುತ್ತದೆ. ಉಂಡು, ದಕ್ಷಿಣದ ಬಸ್ಸು ಹಿಡಿಯಿರಿ. ಕುಂದಾಪುರದಲ್ಲಿ ಯಾರೋ ಬೆನ್ನ ಹಿಂದಿನಿಂದ ‘ಹ್ವಾಯ್’ ಎಂದು ಕೂಗುತ್ತಾರೆ. ನಿಮ್ಮನ್ನಲ್ಲದಿದ್ದರೂ ತಿರುಗಿ ನೋಡಿ.